ಮಾಸ್ಟರಮ್ಮನ ಎಡಗೈ

ಹೊಸದನ್ನು ಕಲಿಯುವುದೆಂದರೆ ಅವಳಿಗೆ ಪ್ರಾಣವಾಗಿತ್ತು ಎಂದು ಮೊನ್ನೆ ಸಂತಾಪ ಸಭೆಯಲ್ಲಿ ನಮ್ಮ ಕಾರ್ಖಾನೆಯ ಸೂಪರ್‌ವೈಸರ್ ಹೇಳಿದಳು. ಹೇಳುತ್ತ ಕಣ್ಣನ್ನೂ ಒರೆಸಿಕೊಂಡಳು. ನನ್ನ ಗೆಳತಿಯ ಬಾಯಿ ಮುಚ್ಚಿಹೋಗಿದೆ, ನನ್ನದಿನ್ನೂ ಇದೆ. ಅವಳು ಕಂಪ್ಯೂಟರ್ ಕಲಿತದ್ದು ಆಸೆಯಿಂದಲ್ಲ, ಹಲ್ಲು ಕಚ್ಚಿಕೊಂಡು. ಅದನ್ನು ಬರೆದಿಡದೆ ನನಗೆ ನೆಮ್ಮದಿಯಿಲ್ಲ.

ನಾವಿಬ್ಬರೂ ಒಂದೇ ಸಿದ್ಧ ಉಡುಪಿನ ಕಾರ್ಖಾನೆಯವರು. ನಾನು ಅಂಗಿಯ ಗುಂಡಿಗಳಿಗೆ ಕಾಜ ಹಾಕುವ ಮಷೀನಿನಲ್ಲಿ, ಅವಳು ಕಿಟಕಿ ಪಕ್ಕದ ಉದ್ದನೆಯ ಕಟಿಂಗ್ ಟೇಬಲ್ಲಿನಲ್ಲಿ. ಎಲ್ಲರ ಬಾಯಲ್ಲೂ ಅವಳು ಮಾಸ್ಟರಮ್ಮ. ಮದುವೆಯಾಗಿರಲಿಲ್ಲ. ತಮ್ಮನ ಮನೆಯಲ್ಲಿ ಅವಳಿಗೆ ಇದ್ದದ್ದು ಒಂದು ಮಂಚ, ಅದೂ ನೆಂಟರು ಬಂದರೆ ಬಿಟ್ಟುಕೊಡಬೇಕಾದದ್ದು. ತನ್ನದೆಂದು ಹೇಳಿಕೊಳ್ಳಲು ಆ ಟೇಬಲ್ಲಿನ ಹೊರತು ಬೇರೇನೂ ಇರಲಿಲ್ಲ. ಯಾರೋ ಒಮ್ಮೆ ಅದರ ಮೇಲೆ ಚಹಾದ ಲೋಟ ಇಟ್ಟಾಗ, ಅವಳು ಲೋಟವನ್ನು ಕಿಟಕಿಯಾಚೆ ಬಗ್ಗಿಸಿ ಖಾಲಿ ಲೋಟವನ್ನು ಅವರ ಕೈಗಿತ್ತಳು. ಸುಲಭದ ಹೆಂಗಸಲ್ಲ.

ಬಟ್ಟೆಯನ್ನು ಪದರ ಪದರವಾಗಿ ಹಾಸಿ, ಎಡ ಅಂಗೈಯಿಂದ ಸವರಿ ಸುಕ್ಕು ತೆಗೆದು, ಆ ಅಂಗೈಯನ್ನು ಅಲ್ಲೇ ಒತ್ತಿಟ್ಟುಕೊಂಡು ಬಲಗೈಯಲ್ಲಿ ಸೀಮೆಸುಣ್ಣದ ಗೆರೆ ಎಳೆಯುವುದು ಅವಳ ಪದ್ಧತಿ. ಎಡಗೈ ಎತ್ತಿದರೆ ಬಟ್ಟೆ ಜರುಗುತ್ತದೆ, ಸುಣ್ಣ ಎತ್ತಿದರೆ ಗೆರೆ ತುಂಡಾಗುತ್ತದೆ. ಇದು ಅವಳ ಮೈಗೆ ಹತ್ತಿಹೋಗಿತ್ತು.

ಆಗ ಕಂಪ್ಯೂಟರ್ ಬಂತು. ತೋಳು, ಕಾಲರು, ಬೆನ್ನಿನ ಭಾಗಗಳನ್ನೆಲ್ಲ ಇನ್ನು ಪರದೆಯ ಮೇಲೆ ಜೋಡಿಸಬೇಕು. ಆ ಜೋಡಣೆ ಉದ್ದನೆಯ ಕಾಗದದಲ್ಲಿ ಅಚ್ಚಾಗಿ ಬರುತ್ತದೆ, ಅದನ್ನು ಬಟ್ಟೆಯ ಮೇಲೆ ಹಾಸಿ ಕತ್ತರಿಸಬೇಕು. ತಿಂಗಳ ಕೊನೆಗೆ ಮ್ಯಾನೇಜರ್ ಎದುರು ಮಾಡಿ ತೋರಿಸಿದವರಿಗೆ ಟೇಬಲ್, ಆಗದವರಿಗೆ ಹೊಲಿದ ಬಟ್ಟೆಯ ದಾರದ ತುದಿ ಕತ್ತರಿಸುವ ಬೆಂಚು.

"ನಿಮ್ಮ ವಯಸ್ಸಿಗೆ ಇದೆಲ್ಲ ಕಷ್ಟ ಅಕ್ಕಾ" ಎಂದಳು ಸೂಪರ್‌ವೈಸರ್. "ದಾರದ ಬೆಂಚಲ್ಲಾದ್ರೆ ಕೂತ್ಕೊಂಡೇ ಕೆಲಸ. ಆರಾಮಾಗಿರ್ತೀರ."

"ನನ್ನ ಆರಾಮ ನನಗಿರ್ಲಿ. ನಿನ್ನ ತಂಗೀನ ಈ ಟೇಬಲ್ಲಿಗೆ ತರೋಕೆ ನನ್ನ ವಯಸ್ಸು ಯಾಕಮ್ಮ ಅಡ್ಡ ತರ್ತೀಯ?"

ಸುತ್ತಲಿನ ಮಷೀನುಗಳು ಒಮ್ಮೆಲೇ ನಿಂತವು. ತಂಗಿಗಾಗಿ ಸೂಪರ್‌ವೈಸರ್ ಆ ಜಾಗದ ಮೇಲೆ ಕಣ್ಣಿಟ್ಟಿದ್ದಾಳೆಂದು ಎಲ್ಲರಿಗೂ ಗೊತ್ತಿತ್ತು, ಹೇಳಿದವರು ಯಾರೂ ಇರಲಿಲ್ಲ.

ಅಂದಿನಿಂದ ಕೆಲಸ ಬಿಟ್ಟೊಡನೆ ಗೆಳತಿ ನನ್ನ ಮನೆಗೆ ಬರತೊಡಗಿದಳು. ನನ್ನ ಮಗಳ ಹಳೆಯ ಕಂಪ್ಯೂಟರಿನಲ್ಲಿ ಚಿತ್ರ ಬರೆಯುವ ಪುಟ ತೆರೆದು, ತೋಳು ಕಾಲರುಗಳ ಬದಲಿಗೆ ಜೋಡಿಸಲು ಚೌಕಗಳನ್ನು ಬರೆದು ಕೊಡುತ್ತಿದ್ದೆ. ಮೌಸಿನ ಗುಂಡಿ ಒತ್ತಿದಳೆಂದರೆ ಬಿಡುತ್ತಲೇ ಇರಲಿಲ್ಲ, ಸುಣ್ಣ ಹಿಡಿದಂತೆ. ಹಾಗಾಗಿ ಇಟ್ಟ ಚೌಕಗಳೆಲ್ಲ ಪರದೆಯ ಮೇಲಿನ ಬಾಣದ ಬೆನ್ನು ಹತ್ತಿ ಪುಟದ ತುಂಬ ಅಲೆಯುತ್ತಿದ್ದವು.

"ಬೆರಳು ಎತ್ತೇ. ಇಟ್ಟಾಯ್ತಲ್ಲ, ಬಿಟ್ಬಿಡು."

"ಬಿಟ್ರೆ ಹಾಳಾಗಲ್ವಾ?"

"ಬಿಡದೇ ಇದ್ರೆ ಹಾಳಾಗುತ್ತೆ."

ಮೌಸು ಮೇಜಿನ ಅಂಚಿಗೆ ಬಂದರೆ ಮುಂದಕ್ಕೆ ತಳ್ಳಿ ಕೆಳಗೆ ಬೀಳಿಸುತ್ತಿದ್ದಳು. ಎತ್ತಿ ಈಚೆಗಿಟ್ಟುಕೊಂಡರೂ ಬಾಣ ಇದ್ದಲ್ಲೇ ಇರುತ್ತದೆಂಬುದನ್ನು ಅವಳು ಬಹಳ ದಿನ ನಂಬಲಿಲ್ಲ. ಬಲಗಡೆಯ ಗುಂಡಿಯ ಮೇಲಂತೂ ಹಗೆಯೇ ಬೆಳೆಯಿತು. "ಕರೀದೇ ಇದ್ರೂ ಪಟ್ಟಿ ಹಿಡ್ಕೊಂಡು ಬಂದು ನಿಂತ್ಕೊಳ್ಳುತ್ತೆ ನೋಡು, ಹೋಟೆಲ್ ಸಪ್ಲೈಯರ್ ತರ" ಎಂದು ಪರದೆಯನ್ನೇ ಗದರುವಳು. ನಾನು ನಕ್ಕರೆ ನನ್ನನ್ನೂ ಗದರುವಳು. ಅಂತೂ ತಿಂಗಳು ತುಂಬುವ ಹೊತ್ತಿಗೆ ಚೌಕಗಳನ್ನು ಒತ್ತಿ, ಎಳೆದು, ಬಿಡುವುದು ಅವಳ ಕೈಗೆ ಬಂತು.

ಮಾಡಿ ತೋರಿಸಬೇಕಾದ ಆ ದಿನ ಮ್ಯಾನೇಜರರ ಕೋಣೆಗೆ ಅವಳ ಹಿಂದೆ ನಾನೂ ನುಗ್ಗಿದೆ. ಮೇಜಿನ ಮೇಲಿದ್ದದ್ದು ಲ್ಯಾಪ್‌ಟಾಪ್. ಮೌಸ್ ಇರಲಿಲ್ಲ.

"ಇಲಿ ಎಲ್ಲಿ?" ಎಂದಳು.

"ಅದರ ಅಗತ್ಯ ಇಲ್ಲ ಅಕ್ಕಾ, ಇದರ ಮೇಲೇ ಕೈಯಾಡಿಸಿದ್ರಾಯ್ತು" ಎಂದು ಸೂಪರ್‌ವೈಸರ್ ಕೀಲಿಗಳ ಕೆಳಗಿನ ನುಣುಪು ಚೌಕವನ್ನು ತೋರಿಸಿದಳು. ಹಿಂದಿನ ದಿನದವರೆಗೆ ಅಲ್ಲೇ ಇದ್ದ ಮೌಸನ್ನು ತೆಗೆದವರು ಯಾರೆಂದು ನಾನು ಕೇಳಲಿಲ್ಲ, ಸೂಪರ್‌ವೈಸರ್ ಮುಖ ನೋಡಿದೆ.

ಗೆಳತಿ ಆ ಚೌಕವನ್ನು ಎಡ ಅಂಗೈಯಿಂದ ಒಮ್ಮೆ ಸವರಿದಳು. ಬಟ್ಟೆಯ ಸುಕ್ಕು ತೆಗೆಯುವ ಹಾಗೆ. ಅಂಗೈಯನ್ನು ಅಲ್ಲೇ ಊರಿ ಬಲಗೈಯ ಬೆರಳಿಟ್ಟಳು. ತೋಳು, ಕಾಲರುಗಳೆಲ್ಲ ಸಾಸಿವೆಯಷ್ಟಾಗಿ ಪರದೆಯ ಮೂಲೆಗೆ ಓಡಿದವು. ಮತ್ತೆ ಸವರಿದರೆ ಒಂದು ಕಾಲರೇ ಪರದೆ ತುಂಬ ಉಬ್ಬಿತು.

"ಇಸ್ತ್ರಿ ಮಾಡ್ತಿದ್ದೀರಾ ಅಕ್ಕಾ?" ಸೂಪರ್‌ವೈಸರ್ ಮ್ಯಾನೇಜರರ ಕಡೆ ನೋಡಿ ನಕ್ಕಳು. "ಅದು ಬೆರಳಿನ ಲೆಕ್ಕದ ಮೇಲೆ ನಡೆಯೋದು. ಇಡೀ ಕೈಯನ್ನೇ ಇಟ್ರೆ ಅದಕ್ಕೇನು ತಿಳಿಯುತ್ತೆ? ಸರ್, ನಾನು ಮೊದಲೇ ಹೇಳಿದ್ದೆ."

ನನ್ನ ಗೆಳತಿ ಕೆಂಪಾದಳು. ಎದ್ದುಬಿಡುತ್ತಾಳೆ ಎಂದುಕೊಂಡೆ. ಅವಳು ಕುರ್ಚಿಯಲ್ಲಿ ಕೊಂಚ ಮೇಲೆದ್ದು, ಎಡಗೈಯನ್ನು ತೊಡೆಯ ಕೆಳಗೆ ಸೇರಿಸಿ ಅದರ ಮೇಲೆ ಗಟ್ಟಿಯಾಗಿ ಕುಳಿತು, ಬಲಗೈಯ ಒಂದೇ ಬೆರಳನ್ನು ಚೌಕದ ಮೇಲೆ ಆಡಿಸಿದಳು.

"ಬಾಣ ಓಡ್ತಿದೆ ಸರ್. ತೋಳು ಎತ್ಕೊಳ್ಳೋದು ಹೇಗೆ?"

ಮ್ಯಾನೇಜರ್ ಕೈಗಡಿಯಾರ ನೋಡಿಕೊಳ್ಳುತ್ತಿದ್ದರು. "ಹೆಬ್ಬೆರಳಲ್ಲಿ ಕೆಳಗಡೆ ಒತ್ತಿ ಹಿಡ್ಕೊಳಮ್ಮ, ತೋರುಬೆರಳಲ್ಲಿ ಎಳಿ. ಸಾಕಾದಾಗ ಬಿಡು."

"ಬಿಡೋದು ಗೊತ್ತು" ಎಂದಳು.

ಮೊದಲ ತೋಳು ಜಾರಿ ಬೆನ್ನಿನ ಭಾಗದ ಮೇಲೆ ಬಿತ್ತು. ಎರಡನೆಯದು ತಲೆಕೆಳಗಾಗಿ ನಿಂತಿತು. ಸೂಪರ್‌ವೈಸರ್ ಬಾಗಿಲಿಗೆ ಒರಗಿ ಹೊರಗೆ ಯಾರಿಗೋ ಕೈಸನ್ನೆ ಮಾಡಿದಳು. ಗೆಳತಿ ತಲೆ ಎತ್ತಲಿಲ್ಲ. ಒತ್ತಿದಳು, ಎಳೆದಳು, ಬಿಟ್ಟಳು. ನಡುವೆ ಎಡಗೈ ತಾನಾಗಿ ಹೊರಬರಲು ನೋಡಿತು. ಅವಳು ಇನ್ನಷ್ಟು ಅದುಮಿ ಕುಳಿತಳು. ಎಲ್ಲ ಭಾಗಗಳೂ ಒಂದರ ಪಕ್ಕ ಒಂದು ಕೂತಾಗ ಜೋಡಣೆ ಅಂಥ ಚೆಂದವೇನೂ ಆಗಿರಲಿಲ್ಲ, ಅಲ್ಲಲ್ಲಿ ಬಟ್ಟೆ ದಂಡವಾಗುತ್ತಿತ್ತು. ಮ್ಯಾನೇಜರ್ ಬಗ್ಗಿ ನೋಡಿ, "ನಡೆಯುತ್ತೆ. ಟೇಬಲ್ ನಿನಗೇ ಇರ್ಲಿ" ಎಂದರು.

"ನೋಡಿ ಅಕ್ಕಾ, ನಾನು ಹಠ ಹಿಡಿದಿದ್ದಕ್ಕೆ ಕಲಿತ್ರಿ" ಎಂದಳು ಸೂಪರ್‌ವೈಸರ್, ತಕ್ಷಣ ದನಿ ಬದಲಿಸಿ. ಗೆಳತಿ ಜೋಮು ಹಿಡಿದ ಎಡಗೈ ಕೊಡವುತ್ತ ಹೊರಬಂದಳು.

ಟೇಬಲ್ ಬರಿದಾಗಿತ್ತು. ಆಗಲೇ ಅವಳ ಕತ್ತರಿ, ಅಳತೆ ಪಟ್ಟಿ, ಬಟ್ಟೆಯ ಮೇಲಿಡುವ ಕಬ್ಬಿಣದ ತೂಕಗಳೆಲ್ಲ ರಟ್ಟಿನ ಪೆಟ್ಟಿಗೆ ಸೇರಿ ದಾರದ ಬೆಂಚಿನ ಕೆಳಗೆ ಕುಳಿತಿದ್ದವು. ಆ ಕೈಸನ್ನೆಯ ಅರ್ಥ ನನಗೆ ಆಗ ತಿಳಿಯಿತು. ನಾನು ಪೆಟ್ಟಿಗೆ ಎತ್ತಲು ಬಾಗಿದೆ.

"ಮುಟ್ಟಬೇಡ ನೀನು" ಎಂದಳು ಗೆಳತಿ. ಹಿಂದೆಯೇ ಬಂದಿದ್ದ ಸೂಪರ್‌ವೈಸರ್ ಕಡೆ ತಿರುಗಿದಳು. "ನೀನು ಎತ್ತಿಸಿದ್ದು. ನೀನೇ ತಂದಿಡು."

ಸೂಪರ್‌ವೈಸರ್ ಬಾಗಿಲಲ್ಲಿ ನಿಂತಿದ್ದ ಮ್ಯಾನೇಜರರನ್ನು ನೋಡಿದಳು. ಅವರು ಫೋನ್ ಕಿವಿಗಿಟ್ಟುಕೊಂಡು ಒಳಗೆ ಹೋದರು. ಅವಳು ಪೆಟ್ಟಿಗೆಯನ್ನು ಎದೆಗೊತ್ತಿ ಹೊತ್ತು ತಂದು ಒಂದೊಂದೇ ತೂಕ ತೆಗೆದಿಟ್ಟಳು. ಇಡೀ ಹಾಲ್ ನೋಡುತ್ತಿತ್ತು. ಗೆಳತಿ ಟೇಬಲ್ಲಿನ ಆಚೆ ತುದಿಯಲ್ಲಿ ಕೈಕಟ್ಟಿ ನಿಂತಿದ್ದಳು. ನಗಲಿಲ್ಲ.

"ಕತ್ತರಿ ಬಲಗಡೆ" ಎಂದಳು.