ಕಂಡಕ್ಟರ್ ಮಾವನ ಲಾಗಿನ್

ಸೈಟು ಮಾಡುತ್ತೇನೆ ಎಂದು ಅವಳು ಯಾರಿಗಾದರೂ ಹೇಳಿದರೆ ಮೊದಲು ಬರುತ್ತಿದ್ದ ಪ್ರಶ್ನೆ, ಎಷ್ಟು ಅಡಿ ಎಂದು. ಆ ಸೈಟಲ್ಲ, ಅಂಗಡಿಗಳಿಗೆ, ಶಾಲೆಗಳಿಗೆ, ಡಾಕ್ಟರುಗಳಿಗೆ ಇಂಟರ್ನೆಟ್ಟಿನಲ್ಲಿ ಕಟ್ಟಿಕೊಡುವ ವೆಬ್‌ಸೈಟು ಎಂದು ಬಿಡಿಸಿ ಹೇಳಿದ ಕೂಡಲೇ ಎದುರಿನವರ ಮುಖದಲ್ಲಿ ಮೂಡಿದ್ದ ಆಸೆ ಅರ್ಧ ಇಳಿದುಹೋಗುತ್ತಿತ್ತು. ಅಂತೂ ಬೀದಿಯವರೆಲ್ಲ ಸೇರಿ ಅವಳಿಗೆ ಸೈಟಮ್ಮ ಎಂದು ಹೆಸರಿಟ್ಟುಬಿಟ್ಟರು. ಅವಳೂ ಬೇಡವೆನ್ನಲಿಲ್ಲ.

ಮೊದಲು ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಟೈಪ್ ಮಾಡುತ್ತಿದ್ದಳು. ಪ್ರೆಸ್ಸು ಮುಚ್ಚುವ ಹಂತಕ್ಕೆ ಬಂದಾಗ ಮಾಲೀಕರು, “ನಮ್ಮದೂ ಒಂದು ವೆಬ್‌ಸೈಟ್ ಇದ್ದಿದ್ರೆ ಉಳ್ಕೋತಿದ್ವೇನೋ ಕಣಮ್ಮ, ನಿನ್ನ ಕೈಲಾಗುತ್ತಾ ನೋಡು” ಎಂದರು. ಸೈಟು ಆಯಿತು, ಪ್ರೆಸ್ಸು ಉಳಿಯಲಿಲ್ಲ. ಆದರೆ ಅವಳ ಕೈಗೆ ಕಸುಬು ಹತ್ತಿತು. ಕಲಿಸಿದ ಗುರು ಅಂತ ಯಾರೂ ಇರಲಿಲ್ಲ, ಕೆಡಿಸಿ ಕೆಡಿಸಿ ಕಲಿತಳು. ಊಟದ ಮೇಜಿನ ಕಿಟಕಿ ಕಡೆಯ ಅರ್ಧ ಅವಳ ಆಫೀಸು, ಇನ್ನರ್ಧ ಮನೆಯವರ ತಟ್ಟೆಗಳಿಗೆ.

ಈ ಕಾಲದ ಸೈಟುಗಳನ್ನು ಯಾರೂ ಇಟ್ಟಿಗೆಯ ಮೇಲೆ ಇಟ್ಟಿಗೆ ಇಟ್ಟು ಕಟ್ಟುವುದಿಲ್ಲ. ಗೋಡೆ, ಬಾಗಿಲು, ಕಪಾಟು ಎಲ್ಲ ಸಿದ್ಧವಿರುವ ವ್ಯವಸ್ಥೆಗಳಿವೆ. ಒಂದು ಹೆಸರು, ಒಂದು ಪಾಸ್‌ವರ್ಡ್ ಕೊಟ್ಟರೆ ಯಾರು ಬೇಕಾದರೂ ಒಳಗೆ ಹೋಗಿ, ಕಾಗದದ ಮೇಲೆ ಬರೆದ ಹಾಗೆ ಬರೆದು ಗುಂಡಿ ಒತ್ತಬಹುದು, ಲೋಕಕ್ಕೆಲ್ಲ ಕಾಣುತ್ತದೆ. ಕಷ್ಟ ಇರುವುದು ಕಟ್ಟುವುದರಲ್ಲಿ ಅಲ್ಲ, ಕಟ್ಟಿದ್ದನ್ನು ಮಾಲೀಕರ ಕೈಯಿಂದ ಕಾಪಾಡುವುದರಲ್ಲಿ. ಹಲ್ಲಿನ ಡಾಕ್ಟರಿಗೆ ಅವಳು ಪೂರ್ತಿ ಅಧಿಕಾರ ಕೊಟ್ಟಿದ್ದಳು. ಮಹಾಶಯರು ಒಂದು ಭಾನುವಾರ ಬಿಡುವಾಗಿ ಕೂತು ಮುಖಪುಟವನ್ನೇ ಕಿತ್ತುಹಾಕಿ, ಅದರ ಜಾಗಕ್ಕೆ ಯಾರದೋ ಹುಳುಕು ದವಡೆಯ ಫೋಟೊ ಏರಿಸಿದರು. ಕೇಳಿದರೆ, “ನಾನೇನೂ ಮುಟ್ಟಿಲ್ಲಮ್ಮ, ತಾನಾಗೇ ಹಾಗಾಯ್ತು” ಎಂದರು. ಹಲ್ಲು ಕೀಳುವವರ ಕೈಗೆ ಏನು ಕೊಟ್ಟರೂ ಕೀಳುತ್ತಾರೆ ಎಂದು ಅವಳಿಗೆ ಅಂದು ಅರ್ಥವಾಯಿತು.

ಅವತ್ತಿನಿಂದ ಅವಳದ್ದೊಂದು ಕಟ್ಟುನಿಟ್ಟು. ಯಾರೇ ಬರಲಿ, ಬರೆಯುವ ಅಧಿಕಾರ ಮಾತ್ರ, ಪ್ರಕಟಿಸುವ ಅಧಿಕಾರ ಇಲ್ಲ. ಅವರ ಪರದೆಯ ಮೇಲೆ ‘ಪ್ರಕಟಿಸಿ’ ಎಂಬ ಗುಂಡಿಯ ಬದಲು ‘ಪರಿಶೀಲನೆಗೆ ಕಳಿಸಿ’ ಎಂಬ ಗುಂಡಿ ಇರುತ್ತದೆ. ಕಳಿಸಿದ್ದು ಒಳಗೇ ಕೂತಿರುತ್ತದೆ, ಅವಳು ನೋಡಿ ಒಪ್ಪುವ ತನಕ ಹೊರಗೆ ಕಾಣುವುದಿಲ್ಲ. ಕಳಿಸಿದವರು ಸುಮ್ಮನಿರುವ ಪೈಕಿಯಲ್ಲವಾದ್ದರಿಂದ ಅವಳು ತಾನಾಗಿ ಹೋಗಿ ನೋಡುವ ರೂಢಿಯನ್ನೇ ಇಟ್ಟುಕೊಳ್ಳಲಿಲ್ಲ. ಟೈಲರಮ್ಮ ಫೋನ್ ಮಾಡಿ, “ಕಳ್ಸಿದೀನಿ, ಬೇಗ ಹಾಕು ತಾಯಿ” ಎನ್ನುವಳು. ಶಾಲೆಯ ಗುಮಾಸ್ತ ದಿನಕ್ಕೆ ಎರಡು ಸಲ ಅರಚುವನು. ಕೂಗಿದವರ ಕೆಲಸ ಕೂಗಿದ ಹಾಗೆ ಆಗುತ್ತಿತ್ತು. ಕೂಗಲಾರದ ಒಬ್ಬರು ಅವಳ ಮನೆಯಲ್ಲೇ ಇದ್ದರು.

ಅವರು ಅವಳ ಮಾವ. ಆಯುಷ್ಯವೆಲ್ಲ ಸಿಟಿ ಬಸ್ಸಿನ ಕಂಡಕ್ಟರಾಗಿದ್ದವರು. ಅವರ ಬಸ್ಸಿನಲ್ಲಿ ಟಿಕೆಟ್ಟಿನ ಜೊತೆ ಮಾತು ಪುಕ್ಕಟೆ ಎಂದು ಜನ ನಗುತ್ತಿದ್ದರು. “ಸ್ವಲ್ಪ ಒಳಗೆ ಹೋಗಿ ಸ್ವಾಮಿ, ಬಾಗಿಲೇನು ನಿಮ್ಮ ಮಾವನ ಮನೇದಾ” ಎಂದರೆ ನಿಂತವರು ಮುನಿಸಿಕೊಳ್ಳದೆ ನಗುತ್ತಾ ಸರಿಯುತ್ತಿದ್ದರಂತೆ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಜಗಳದ ಮಟ್ಟಿಗೆ ಗಾದೆ ನಿಜವಾಯಿತು. ರೋಗ ಮಾತ್ರ ಗಾದೆ ಕೇಳಲಿಲ್ಲ, ಹುಡುಕಿಕೊಂಡು ಬಂದು ಗಂಟಲಲ್ಲೇ ಕೂತಿತು. ಆಪರೇಷನ್ ಆಯಿತು, ಜೀವ ಉಳಿಯಿತು, ದನಿ ಹೋಯಿತು. ಅತ್ತೆ ಅದಕ್ಕೂ ಮೊದಲೇ ತೀರಿಕೊಂಡಿದ್ದರು. ಈಗ ಮಾವ ಏನಾದರೂ ಹೇಳಬೇಕಾದರೆ ಮಕ್ಕಳು ಬರೆದು ಅಳಿಸುವ ಬಿಳಿ ಹಲಗೆಯೊಂದನ್ನು ಕೈಗೆತ್ತಿಕೊಳ್ಳುವರು. ಮಾತಿನ ಮಲ್ಲನಿಗೆ ಹಲಗೆಯ ಮೇಲೆ ‘ಕಾಫಿ’, ‘ಬಿಸಿನೀರು’, ‘ಸಾಕು’ ಎಂದು ಬರೆಯುವ ಗತಿ ಬಂದಿತ್ತು. ಅವಳ ಗಂಡ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವನು. ಊರವರ ಒಳಗೆಲ್ಲ ನೋಡುವವನಿಗೆ ಅಪ್ಪನ ಒಳಗೇನಿದೆ ಎಂದು ನೋಡಲು ಪುರಸೊತ್ತಿಲ್ಲ.

ಸೊಸೆಗೆ ಇದನ್ನು ನೋಡಲಾಗುತ್ತಿರಲಿಲ್ಲ. ಬಸ್ ಪ್ರಯಾಣಿಕರ ಸಂಘದ ಸೈಟನ್ನೂ ಅವಳೇ ನೋಡಿಕೊಳ್ಳುತ್ತಿದ್ದಳು. ಯಾವ ಬಸ್ಸು ಎಲ್ಲಿಗೆ, ಯಾವ ರಸ್ತೆ ಅಗೆದಿದ್ದಾರೆ, ಅಷ್ಟೇ ಇದ್ದ ಒಣ ಸೈಟು. ಒಂದು ಬೆಳಿಗ್ಗೆ ತನ್ನ ಹಳೆಯ ಲ್ಯಾಪ್‌ಟಾಪನ್ನು ಒರೆಸಿ ಅವರ ಮುಂದಿಟ್ಟಳು.

“ಮಾವ, ಬಸ್ಸಿನ ಕತೆ ಎಲ್ಲಾ ಇದರಲ್ಲಿ ಬರೀರಿ. ನೀವು ಬರೆದದ್ದು ಊರೆಲ್ಲ ಓದೋ ಹಾಗೆ ಮಾಡ್ತೀನಿ.”

ಲಾಗಿನ್ ಮಾಡಿಕೊಟ್ಟಳು, ಬರೆಯುವ ಜಾಗ ತೋರಿಸಿದಳು, “ಮುಗಿದ ಮೇಲೆ ಈ ಗುಂಡಿ ಒತ್ತಿ ಮಾವ” ಎಂದಳು. ಅಷ್ಟರಲ್ಲಿ ಶಾಲೆಯ ಗುಮಾಸ್ತನ ಫೋನು ಬಂತು, ಎದ್ದು ಹೋದಳು. ಎಲ್ಲರಿಗೂ ಕೊಡುವ ಅಧಿಕಾರವನ್ನೇ, ಯೋಚನೆಯೇ ಇಲ್ಲದೆ, ಕೈ ರೂಢಿಯಲ್ಲಿ ಮಾವನಿಗೂ ಕೊಟ್ಟಿದ್ದಳು. ಹಲ್ಲಿನ ಡಾಕ್ಟರು ಮಾಡಿದ ತಪ್ಪಿಗೆ ಕಂಡಕ್ಟರಿಗೆ ದಂಡ ಬಿತ್ತು.

ಮಾವ ಬರೆದರು. ಒಂದೇ ಬೆರಳಲ್ಲಿ ಅಕ್ಷರ ಹುಡುಕಿ ಹುಡುಕಿ, ಬಾಲ್ಕನಿಯ ಕುರ್ಚಿಯಲ್ಲಿ ಕೂತು ಬರೆದರು. ಮುಗಿದಾಗ ‘ಪರಿಶೀಲನೆಗೆ ಕಳಿಸಿ’ ಒತ್ತಿದರು. ಪರಿಶೀಲನೆ ಅಂದಮೇಲೆ ಪರಿಶೀಲಿಸುವವಳು ಸೊಸೆಯೇ ತಾನೆ? ಮಾರನೆಯ ದಿನ ಅವಳು ಕಾಫಿ ತಂದುಕೊಟ್ಟಾಗ ಅವಳ ಮುಖವನ್ನೇ ನೋಡಿದರು.

“ಏನು ಮಾವ? ಸಕ್ಕರೆ ಕಮ್ಮಿ ಆಯ್ತಾ?”

ಇಲ್ಲವೆಂದು ತಲೆಯಾಡಿಸಿದರು. ಸೈಟು ತೆರೆದು ನೋಡಿದರೆ ತಮ್ಮದು ಕಾಣಲಿಲ್ಲ. ಚೆನ್ನಾಗಿ ಬಂದಿಲ್ಲವೇನೋ ಎಂದುಕೊಂಡು ಇನ್ನೊಂದು ಬರೆದರು. ಅದೂ ಕಾಣಲಿಲ್ಲ. ಹಲಗೆ ಎತ್ತಿ ಒಂದು ಸಾಲು ಕೇಳಿಬಿಟ್ಟಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಮಾವ–ಸೊಸೆಯ ನಡುವಿನ ಸಂಕೋಚ ಅಂಥದ್ದು. ಮುಖದ ಮೇಲೆ ಹೊಡೆದ ಹಾಗೆ ಹೇಳಲಾರದೆ ಹುಡುಗಿ ಸುಮ್ಮನಿದ್ದಾಳೆ, ನಾನು ಕೇಳಿ ಅವಳನ್ನು ಇಕ್ಕಟ್ಟಿಗೆ ಸಿಕ್ಕಿಸುವುದೇಕೆ ಎಂದು ಅವರು. ಲ್ಯಾಪ್‌ಟಾಪಿನಲ್ಲಿ ಏನೇನೋ ನೋಡುತ್ತಾ ಮಾವನಿಗೆ ಹೊತ್ತು ಹೋಗುತ್ತಿದೆಯಲ್ಲ, ಬರೆಯಲು ಮನಸ್ಸು ಬಂದಾಗ ಬರೆಯುತ್ತಾರೆ, ನಾನು ಒತ್ತಾಯ ಮಾಡುವುದೇಕೆ ಎಂದು ಇವಳು. ಇಬ್ಬರೂ ಒಳ್ಳೆಯವರಾದರೆ ಆಗುವ ಅನಾಹುತ ಇದು. ಒಬ್ಬರಾದರೂ ಕೆಟ್ಟವರಾಗಿದ್ದರೆ ಜಗಳವಾಗಿ ಸರಿಹೋಗುತ್ತಿತ್ತು.

ಹೀಗೆ ಮಳೆಗಾಲ ಹೋಯಿತು, ಚಳಿಯೂ ಹೋಯಿತು. ಒಂದು ಮಧ್ಯಾಹ್ನ ಮಾವ ಲ್ಯಾಪ್‌ಟಾಪನ್ನು ಬಟ್ಟೆಯಿಂದ ಒರೆಸಿ, ವೈರನ್ನು ನೀಟಾಗಿ ಸುತ್ತಿ, ಅವಳ ಅರ್ಧ ಮೇಜಿನ ಮೇಲೆ ತಂದಿಟ್ಟರು.

“ಯಾಕೆ ಮಾವ, ಬೇಜಾರಾಯ್ತಾ?”

ಅವರು ಹಲಗೆಯ ಮೇಲೆ ಬರೆದರು: ‘ನನಗೆ ಬರೆಯೋಕೆ ಬರಲ್ಲ ಬಿಡಮ್ಮ.’

ಒಂದಕ್ಷರವನ್ನೂ ಬರೆದಿಲ್ಲ ಎಂದೇ ತಿಳಿದಿದ್ದ ಅವಳು ಸಮಾಧಾನದ ದನಿಯಲ್ಲಿ ಹೇಳಿದಳು: “ಪರವಾಗಿಲ್ಲ ಬಿಡಿ ಮಾವ, ಎಲ್ಲರಿಗೂ ಬರಬೇಕು ಅಂತೇನಿಲ್ಲ.”

ಮಾವನ ಮುಖ ಸಣ್ಣದಾಯಿತು. ಆದರೂ ನಕ್ಕರು, ಅವಳ ತಲೆಯ ಮೇಲೊಮ್ಮೆ ಕೈಯಿಟ್ಟು ಒಳಗೆ ಹೋದರು. ಇಷ್ಟು ದಿನ ಕಾದಿದ್ದ ತೀರ್ಪು ಅವರಿಗೆ ಸಿಕ್ಕಿತ್ತು.

ಬಳಸದ ಲಾಗಿನ್ ಉಳಿಸಬಾರದು, ಕಳ್ಳರಿಗೆ ಹಿಂಬಾಗಿಲು ತೆರೆದಿಟ್ಟ ಹಾಗೆ ಎನ್ನುವುದು ಅವಳ ಕಸುಬಿನ ಪಾಠ. ಆಗಲೇ ಸೈಟಿನ ಒಳಗೆ ಹೋಗಿ ಮಾವನ ಹೆಸರಿನ ಮುಂದೆ ಗುರುತು ಹಾಕಿ ‘ಅಳಿಸಿ’ ಒತ್ತಿದಳು. ಪರದೆ ಒಂದು ಪ್ರಶ್ನೆ ಕೇಳಿತು: ಈ ವ್ಯಕ್ತಿಯ ಬರಹಗಳನ್ನೆಲ್ಲ ಅಳಿಸಬೇಕೇ, ಬೇರೆಯವರ ಹೆಸರಿಗೆ ವರ್ಗಾಯಿಸಬೇಕೇ?

ಈ ಪ್ರಶ್ನೆಗೆ ‘ಎಲ್ಲ ಅಳಿಸಿ’ ಎನ್ನುವುದು ಅವಳ ಬೆರಳಿಗೆ ಅಭ್ಯಾಸವಾಗಿಹೋಗಿತ್ತು. ಬೆರಳು ಅತ್ತ ಹೊರಟೂ ಇತ್ತು. ಆದರೆ ಏನೂ ಬರೆಯದವರನ್ನು ತೆಗೆಯುವಾಗ ಈ ಪ್ರಶ್ನೆ ಬರುವುದೇ ಇಲ್ಲ. ಬೆರಳು ನಿಂತಿತು. ಯಾವ ಬರಹ?

ತೆರೆದು ನೋಡಿದಳು. ಪರದೆಯ ಮೇಲಿಂದ ಕೆಳತನಕ ಸಾಲಾಗಿ ಮಾವನ ಹೆಸರು, ಎಲ್ಲದರ ಪಕ್ಕದಲ್ಲೂ ‘ಪರಿಶೀಲನೆ ಬಾಕಿ’.

ಒಂದರಲ್ಲಿ ಸದಾ ಜಗಳವಾಡುವ ಗಂಡ ಹೆಂಡತಿ ಇದ್ದರು. ಹೆಂಡತಿ ಬಸ್ಸಿನ ಮುಂದೆ, ಗಂಡ ಹಿಂದೆ, ನಡುವೆ ಮಾತಿಲ್ಲ. ಟಿಕೆಟ್ಟಿನ ಹೊತ್ತಿಗೆ ಮಾತ್ರ ಗಂಡ ದಿನವೂ ತಪ್ಪದೆ, “ಮುಂದೆ ಕೂತಿರೋ ಆ ಮಾರೀದೂ ಒಂದು ಕೊಡಿ” ಎನ್ನುವನು. ಒಂದು ದಿನ ಅವನೊಬ್ಬನೇ ಹತ್ತಿ, ಅಭ್ಯಾಸಬಲದಿಂದ ಎರಡು ಟಿಕೆಟ್ ಕೇಳಿದನಂತೆ. ‘ನಾನು ಎರಡೂ ಹರಿದು ಕೊಟ್ಟೆ. ಒಂದು ಸಾಕಲ್ವಾ ಅಂತ ಕೇಳುವ ಧೈರ್ಯ ನನಗೆ ಇರಲಿಲ್ಲ’ ಎಂದು ಮಾವ ಬರೆದಿದ್ದರು. ಅವಳು ಮೊದಲು ನಕ್ಕು, ಆಮೇಲೆ ಕಣ್ಣೊರೆಸಿಕೊಂಡಳು.

ಇನ್ನೊಂದರಲ್ಲಿ ಹೀಗಿತ್ತು: ‘ಆಪರೇಷನ್ ಆದಮೇಲೆ ಒಂದು ದಿನ ಮನೆಯಲ್ಲಿ ತಿಳಿಸದೆ ನನ್ನ ಹಳೇ ರೂಟಿನ ಬಸ್ ಹತ್ತಿದೆ. ಕಂಡಕ್ಟರ್ ಹೊಸಬ. ನಮ್ಮ ಸ್ಟಾಪ್ ಬಂತು. ಹೋಲ್ಡಾನ್ ಅನ್ನಲು ಬಾಯಿ ತೆರೆದೆ. ಬರೀ ಗಾಳಿ. ಬಸ್ ನಿಲ್ಲಲಿಲ್ಲ. ಊರಿಗೆಲ್ಲ ಬಸ್ ನಿಲ್ಲಿಸಿಕೊಟ್ಟವನಿಗೆ ತನಗೊಂದು ಸಲ ನಿಲ್ಲಿಸಿಕೊಳ್ಳಲು ಆಗಲಿಲ್ಲ. ಕೊನೇ ಸ್ಟಾಪಿಗೆ ಹೋಗಿ ನಡೆದು ಬಂದೆ.’ ಆ ಸಂಜೆ ಅವಳಿಗೆ ನೆನಪಿತ್ತು. ಬಾಗಿಲಲ್ಲೇ ತಡೆದು, “ಒಂದು ಮಾತು ಹೇಳಿ ಹೋಗೋಕೇನು ಮಾವ ನಿಮಗೆ?” ಎಂದು ಗದರಿದ್ದಳು.

ಪ್ರತಿ ಬರಹದ ಕೊನೆಗೂ ಅವಳಿಗೆಂದೇ ಒಂದು ಸಾಲಿತ್ತು. ಮೊದಲನೆಯದರಲ್ಲಿ, ‘ತಪ್ಪಿದ್ದರೆ ತಿದ್ದು ತಾಯಿ.’ ಆಮೇಲೆ, ‘ಉದ್ದವಾಯಿತೇನೋ, ಮುಂದಿನದು ಚಿಕ್ಕದಾಗಿ ಬರೆಯುತ್ತೇನೆ.’ ಆಮೇಲೆ, ‘ಇದರಲ್ಲಿ ತಮಾಷೆ ಕಡಿಮೆ ಮಾಡಿದ್ದೇನೆ.’ ಇನ್ನೂ ಕೆಳಗೆ, ‘ಚೆನ್ನಾಗಿಲ್ಲದಿದ್ದರೆ ಹಾಗೇ ಹೇಳಿಬಿಡು, ನನಗೆ ಬೇಸರವಿಲ್ಲ.’ ಕೊನೆಕೊನೆಯವುಗಳಲ್ಲಿ ಆ ಸಾಲೂ ಇರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂದು ಬೇರೆಯವರನ್ನು ಆಡಿಕೊಳ್ಳುತ್ತಿದ್ದವಳು ತಲೆ ತಗ್ಗಿಸಿ ಕೂತಳು. ಊರವರ ಸೈಟಿಗೆಲ್ಲ ಕಾವಲು ಕೂತು, ಮನೆಯ ಮನುಷ್ಯನನ್ನು ಬಾಗಿಲ ಹೊರಗೆ ನಿಲ್ಲಿಸಿದ್ದಳು.

ಮಾವ ಬಾಲ್ಕನಿಯಲ್ಲಿ ಬೀನ್ಸ್ ಮುರಿಯುತ್ತಿದ್ದರು. ಅವಳು ಹೋಗಿ ನೆಲದ ಮೇಲೆ ಅವರ ಕಾಲ ಬಳಿ ಕೂತಳು.

“ಮಾವ, ನಾನು ಒಂದನ್ನೂ ಓದಿರ್ಲಿಲ್ಲ. ನೀವು ಬರೆದಿದ್ದೀರ ಅಂತಾನೇ ಗೊತ್ತಿರ್ಲಿಲ್ಲ. ಗುಂಡೀನ ತಪ್ಪಾಗಿ ಇಟ್ಟವಳು ನಾನು. ಈಗ ಓದ್ದೆ...” ಇಬ್ಬರಲ್ಲಿ ದನಿಯಿದ್ದವಳಿಗೇ ದನಿ ಕಟ್ಟಿತ್ತು.

ಮಾವ ಬೀನ್ಸಿನ ತಟ್ಟೆ ಕೆಳಗಿಟ್ಟು ಹಲಗೆ ತೆಗೆದುಕೊಂಡರು. ಬರೆದರು, ಅಳಿಸಿದರು, ಮತ್ತೆ ಬರೆದರು: ‘ಓದಿ ಬೇಡ ಅಂದಿದ್ದೀಯ ಅಂದುಕೊಂಡಿದ್ದೆ.’

“ಅಯ್ಯೋ, ಬೇಡ ಅಂತೀನಾ ಮಾವ!” ಎಂದು ಅವಳು ಅಳುತ್ತಲೇ ಅವರ ಮೊಣಕಾಲಿಗೆ ಹಣೆ ಒತ್ತಿದಳು. ಮಾವನ ಕಣ್ಣಿಂದಲೂ ನೀರು ಇಳಿಯಿತು. ಸದ್ದಿಲ್ಲದೆ ಅಳುವುದು ಮಾತ್ರ ಅವರಿಗೆ ಈಗ ಸುಲಭವಾಗಿತ್ತು.

ಆ ಸಂಜೆಯೇ ಇಬ್ಬರೂ ಕೂತು ಗಂಡ ಹೆಂಡತಿಯ ಕತೆಯನ್ನು ಹೊರಗೆ ಬಿಟ್ಟರು. ಲಾಗಿನ್ನಿನ ಅಧಿಕಾರ ಬದಲಾಯಿಸಿ, ಮಾವನ ಪರದೆಯ ಮೇಲೆ ‘ಪ್ರಕಟಿಸಿ’ ಎಂಬ ನೀಲಿ ಗುಂಡಿ ಬರುವ ಹಾಗೆ ಮಾಡಿದಳು. “ಇನ್ನು ನಿಮ್ಮನ್ನ ಯಾರೂ ತಡೆಯೋ ಹಾಗಿಲ್ಲ ಮಾವ, ರೈಟ್ ರೈಟ್” ಎಂದಳು. ಓದಿದವರು ಕೆಳಗೆ ತಮ್ಮ ಅನಿಸಿಕೆ ಬರೆದರು. ಆ ರೂಟಿನಲ್ಲಿ ಓಡಾಡಿದ್ದ ಒಬ್ಬಾಕೆ, ‘ಬಾಗಿಲೇನು ನಿಮ್ಮ ಮಾವನ ಮನೇದಾ ಅಂತಿದ್ದೋರಲ್ವಾ ನೀವು?’ ಎಂದು ಕೇಳಿದ್ದಳು. ಮಾವ ಅದನ್ನು ಮಗನಿಗೂ ತೋರಿಸಿದರು, ತರಕಾರಿಯವನಿಗೂ ತೋರಿಸಿದರು.

ಮುಂದಿನ ವಾರ ಅವಳು ಸೈಟಿನ ಒಳಗೆ ಹೋದಾಗ ಮಾವನ ಹೊಸ ಬರಹವೊಂದು ಇತ್ತು. ಅದರ ಪಕ್ಕದಲ್ಲಿ ‘ಪರಿಶೀಲನೆ ಬಾಕಿ’. ಮತ್ತೇನು ತಪ್ಪು ಮಾಡಿದೆನೋ ಎಂದು ಲಾಗಿನ್ ತೆರೆದು ನೋಡಿದಳು. ಎಲ್ಲ ಸರಿಯಾಗಿಯೇ ಇತ್ತು. ಮಾವನೇ ದೊಡ್ಡ ನೀಲಿ ಗುಂಡಿಯನ್ನು ಬಿಟ್ಟು, ಮೂಲೆಯಲ್ಲಿ ಅಡಗಿದ್ದ ‘ಪರಿಶೀಲನೆಗೆ’ ಎಂಬ ಪುಟ್ಟ ಆಯ್ಕೆಯನ್ನು ಹುಡುಕಿ ಗುರುತು ಹಾಕಿದ್ದರು.

“ಮಾವ, ನೀವೇ ಹಾಕ್ಬಹುದು ಈಗ. ನನಗೆ ಕಳಿಸೋದೇ ಬೇಡ. ನೀಲಿ ಗುಂಡಿ ಒತ್ತಿದ್ರೆ ಆಯ್ತು.”

ಮಾವ ಹಲಗೆ ಎತ್ತಿಕೊಂಡರು. ಈ ಸಲ ಬರೆಯಲು ತಡವಾಗಲಿಲ್ಲ.

‘ಗೊತ್ತು. ಊರಿನವರು ಆಮೇಲೆ ಓದಲಿ. ಮೊದಲು ನೀನು ಓದು.’

ಫೋನು ಹೊಡೆದುಕೊಳ್ಳುತ್ತಿತ್ತು, ಶಾಲೆಯ ಗುಮಾಸ್ತನದೇ ಇರಬೇಕು. ಅವಳು ಅದನ್ನು ಬೋರಲು ಹಾಕಿ, ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡು ಓದತೊಡಗಿದಳು. ಮಾವ ಬೀದಿಯ ಕಡೆ ನೋಡುತ್ತಿರುವ ಹಾಗೆ ನಟಿಸುತ್ತಾ, ಅವಳು ಎಲ್ಲಿ ನಗುತ್ತಾಳೋ ಎಂದು ಕಾಯುತ್ತಾ ಕೂತರು.