ದೊಡ್ಡಮ್ಮ ಹೇಳದೆ ಬಿಟ್ಟ ಸಾಲು

ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ, ಕ್ಷಮಿಸಿ. ಒಂಬತ್ತನೇ ತರಗತಿಗೇ ಶಾಲೆ ಬಿಟ್ಟವಳು, ಮಾತೂ ಸಾಲದು. ನಮ್ಮ ಚರ್ಚಿನ ಮಹಿಳಾ ಸಂಘದ ಕೈಬರಹದ ಪತ್ರಿಕೆಗೆ ಸಭೆಯ ಹಿರಿಯರೊಬ್ಬರ ಬಗ್ಗೆ ಬರೆದುಕೊಡು ಎಂದರು. ನನಗೆ ಚೆನ್ನಾಗಿ ಗೊತ್ತಿರುವವರು ದೊಡ್ಡಮ್ಮ ಒಬ್ಬರೇ.

ದೊಡ್ಡಮ್ಮ ಇಪ್ಪತ್ತೆರಡು ವರ್ಷಗಳಿಂದ ಹೆರಿಗೆ ಆಸ್ಪತ್ರೆಯಲ್ಲಿ ಆಯಾ. ಆಗತಾನೇ ಹುಟ್ಟಿದ ಕೂಸನ್ನು ಒರೆಸಿ, ತೂಗಿ, ಬಟ್ಟೆಯಲ್ಲಿ ಸುತ್ತಿ ತಾಯಿಯ ಪಕ್ಕ ಮಲಗಿಸುವುದು ಅವರ ಕೆಲಸ. ಭಾನುವಾರ ಆರಾಧನೆಯಲ್ಲಿ ಬೈಬಲ್ ಓದುತ್ತಿದ್ದವರೂ ಅವರೇ. ನಮ್ಮ ಸಭೆಯಲ್ಲಿ ಬೈಬಲಿನ ಮೊದಲ ಭಾಗವಾದ ಹಳೆಯ ಒಡಂಬಡಿಕೆಯನ್ನು ವಾರಕ್ಕಿಷ್ಟರಂತೆ, ಒಂದು ಸಾಲೂ ಹಾರಿಸದೆ ಓದುತ್ತಾರೆ. ಓದಿದವರು ಕೊನೆಗೆ ‘ಇದು ದೇವರ ವಾಕ್ಯ’ ಎನ್ನಬೇಕು. ಜನ ‘ದೇವರಿಗೆ ಸ್ತೋತ್ರ’ ಎನ್ನಬೇಕು. ಹನ್ನೊಂದು ವರ್ಷ ಆ ಮಾತು ದೊಡ್ಡಮ್ಮನ ಬಾಯಿಂದ ಸಲೀಸಾಗಿ ಬಂದಿತ್ತು. ಓದುವ ಪೀಠದಲ್ಲಿ ನಿಂತಾಗ ಮಾತ್ರ ತನ್ನನ್ನು ಯಾರೂ ‘ಏ ಆಯಾ’ ಎಂದು ಕೂಗುವುದಿಲ್ಲವೆಂದು ನಗುತ್ತಿದ್ದರು.

ಕಳೆದ ತಿಂಗಳು ಬಂದ ಭಾಗ ಒಂದು ಯುದ್ಧದ್ದು. ಶತ್ರುಗಳಲ್ಲಿ ಮೊಲೆಕೂಸನ್ನೂ ಉಳಿಸಬೇಡವೆಂದು ದೇವರೇ ರಾಜನಿಗೆ ಅಪ್ಪಣೆ ಕೊಡುತ್ತಾನೆ. ಶುಕ್ರವಾರ ಅಡುಗೆಮನೆಯಲ್ಲಿ ಓದಿಕೊಳ್ಳುತ್ತಿದ್ದ ದೊಡ್ಡಮ್ಮ ಆ ಸಾಲಿಗೆ ಬಂದು ನಿಂತುಬಿಟ್ಟರು. ಹಾಲು ಉಕ್ಕಿ ಒಲೆಯೆಲ್ಲ ಹರಿಯಿತು.

“ಎಲ್ಲಿದೆಯೇ ನಿನ್ನ ಜ್ಞಾನ?” ಎಂದು ದೊಡ್ಡಪ್ಪ ಓಡಿ ಬಂದರು. ಸಂಗತಿ ಕೇಳಿ, “ಓದೋದಷ್ಟೇ ನಿನ್ನ ಕೆಲಸ. ಪೋಸ್ಟ್‌ಮ್ಯಾನ್ ಕಾಗದ ಒಡೆದು ನೋಡಿ ಜಗಳಕ್ಕೆ ಬರ್ತಾನಾ?” ಎಂದರು.

“ಪೋಸ್ಟ್‌ಮ್ಯಾನ್ ‘ಇದರಲ್ಲಿರೋದು ನಿಜ’ ಅಂತ ಸಹಿ ಹಾಕಲ್ಲ ಕಣ್ರೀ. ನಾನು ಹಾಕ್ಬೇಕು.”

ಶನಿವಾರ ಪಾಸ್ಟರ್ ಹತ್ತಿರ ಹೋದರು. ಅವರು ಏಣಿಯ ಮೇಲೆ ನಿಂತು ಫ್ಯಾನ್ ಒರೆಸುತ್ತಿದ್ದರು.

“ಆ ಜನಗಳ ಪಾಪ ತುಂಬಿತ್ತಮ್ಮ.”

“ಮೂರು ದಿನದ ಕೂಸು ಯಾವಾಗ ತುಂಬಿಸ್ತು ಪಾಸ್ಟ್ರೇ? ಅದಕ್ಕೆ ಕಣ್ಣೇ ನೆಟ್ಟಗೆ ಬಿಟ್ಟಿರಲ್ಲ.”

ಪಾಸ್ಟರ್ ಒರೆಸುವುದನ್ನು ನಿಲ್ಲಿಸಿದರು. “ಎಲ್ಲಾ ನಮ್ಮ ತಲೆಗೆ ಎಟುಕಲ್ಲ. ನಂಬಿಕೆಯಿಂದ ಓದಿ.”

ಆ ಎರಡು ದಿನವೂ ದೊಡ್ಡಮ್ಮನ ಕೈ ಕೆಲಸ ಮಾಡುತ್ತಿದ್ದರೂ ಮನಸ್ಸು ಒಂದು ಕಡೆ ನಿಲ್ಲಲಿಲ್ಲ. ಪ್ರಾರ್ಥನೆಗೆ ಮಂಡಿಯೂರಿ ಕೂತರೆ ಅರ್ಧಕ್ಕೇ ಎದ್ದು ನೆಲ ಒರೆಸುತ್ತಿದ್ದರು. ದೇವರನ್ನು ಬಿಡಲಾರರು; ಆ ಅಪ್ಪಣೆ ಅವನದೇ ಎಂದು ಒಪ್ಪಲೂ ಆರರು.

ಭಾನುವಾರ ಇಡೀ ಭಾಗವನ್ನು ಓದಿದರು, ಒಂದಕ್ಷರವನ್ನೂ ನುಂಗಲಿಲ್ಲ. ಆಮೇಲೆ ಸುಮ್ಮನೆ ನಿಂತರು. ಉತ್ತರ ಕೊಡಲು ಬಾಯಿ ತೆರೆದಿದ್ದ ಜನ ಹಾಗೇ ಕಾದರು. “ಕನ್ನಡಕ ಮರೆತಳೇನೋ,” ಎಂದು ಹಿಂದಿನ ಬೆಂಚಿನ ಅಜ್ಜಿ ಗೊಣಗಿದರು.

“ಓದಿದೀನಿ. ಮುಂದಿನ ಮಾತು ಇವತ್ತು ನನ್ನ ಬಾಯಲ್ಲಿ ಬರ್ತಿಲ್ಲ,” ಎಂದು ದೊಡ್ಡಮ್ಮ ಕೆಳಗಿಳಿದರು.

ಆರಾಧನೆ ಮುಗಿದ ಮೇಲೆ ಪಾಸ್ಟರ್ ಮೆಲ್ಲಗೆ ಹೇಳಿದರು: “ಬೈತಿಲ್ಲ ನಾನು. ಆದ್ರೆ ಆ ಸಾಲು ಹೇಳೋರೇ ಓದ್ಬೇಕು.”

“ಹಾಗಾದ್ರೆ ಬೇರೆಯವರು ಓದ್ಲಿ. ಸುಳ್ಳು ಸಾಕ್ಷಿ ಹೇಳಬಾರದು ಅಂತ ಕಲಿಸಿದ್ದೂ ಇದೇ ಪುಸ್ತಕ ತಾನೇ?” ಎಂದರು ದೊಡ್ಡಮ್ಮ.

ಈಗ ಶಾಲೆಯ ಮೇಷ್ಟ್ರು ಓದುತ್ತಾರೆ. ದೊಡ್ಡಮ್ಮ ಒಂದು ಭಾನುವಾರವನ್ನೂ ತಪ್ಪಿಸಿಲ್ಲ. ಮೂರನೇ ಬೆಂಚಿನಲ್ಲಿ ನನ್ನ ಪಕ್ಕ ಕೂತು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ಕೇಳುತ್ತಾರೆ. ಕೆಲವು ವಾರ ‘ದೇವರಿಗೆ ಸ್ತೋತ್ರ’ ಎನ್ನುತ್ತಾರೆ, ಕೆಲವು ವಾರ ಇಲ್ಲ.

ನಾಳೆ ಇದನ್ನು ದೊಡ್ಡಮ್ಮನಿಗೆ ಓದಿ ಹೇಳುತ್ತೇನೆ. ಅವರು ಒಪ್ಪಿದರೆ ಸಂಘಕ್ಕೆ ಕೊಡುತ್ತೇನೆ.