ಸಹಿಗೆ ಮೊದಲು

ಅರವತ್ತರ ದಶಕದಲ್ಲಿ ನಾನು ಯಶವಂತಪುರದ ಗಿರಣಿಯೊಂದರಲ್ಲಿ ನೂಲು ಸುತ್ತುತ್ತಿದ್ದೆ. ಅಲ್ಲಿನ ಹಾಜರಿ ಗುಮಾಸ್ತರು ಯಾರಿಂದಲೂ ಸುಮ್ಮನೆ ಸಹಿ ಹಾಕಿಸಿಕೊಂಡವರಲ್ಲ. ಕನ್ನಡಕವನ್ನು ಪಂಚೆಯ ಅಂಚಿನಲ್ಲಿ ಒರೆಸುತ್ತಾ, "ಮೊದ್ಲು ಓದಮ್ಮ, ಆಮೇಲೆ ಸಹಿ" ಅನ್ನುತ್ತಿದ್ದರು. ಹಿಂದೆ ಸಾಲು ಬೆಳೆದು ನಮಗೆ ಸಿಟ್ಟು ಬರುತ್ತಿತ್ತು.

ಬಸುರಿನ ಎಂಟನೇ ತಿಂಗಳಿಗೆ ಹೆಂಗಸರು ರಾಜೀನಾಮೆ ಕೊಟ್ಟು ತವರಿಗೆ ಹೋಗುವುದು ನಮ್ಮಲ್ಲಿ ರೂಢಿ. ನಾನೂ ಮೈದುನನಿಂದ ಕಾಗದ ಬರೆಸಿ ತಂದೆ. ಗುಮಾಸ್ತರು ಅದನ್ನು ನನ್ನಿಂದಲೇ ಗಟ್ಟಿಯಾಗಿ ಓದಿಸಿದರು.

"ಕೆಲ್ಸ ಬಿಡೋಕೆ ಇಷ್ಟಾನಾ?"

"ಇಲ್ಲ ಸಾರ್. ಎಲ್ರೂ ಹಿಂಗೇ ಮಾಡ್ತಾರಲ್ಲ."

"ಹೆರಿಗೆಗೆ ಹನ್ನೆರಡು ವಾರ ಸಂಬಳದ ರಜ ಇದೆ ಕಣಮ್ಮ. ಯಾರ ಉಪಕಾರಾನೂ ಅಲ್ಲ, ಕಾನೂನು."

ರಾಜೀನಾಮೆಯನ್ನು ಮಡಿಸಿ ನನ್ನ ಕೈಗೇ ಕೊಟ್ಟು, ರಜೆಯ ಅರ್ಜಿ ಮುಂದಿಟ್ಟರು. ಅದನ್ನೂ ಓದಿಸಿದರು.

ಆದರೂ ನನಗೆ ಪೂರ್ತಿ ನಂಬಿಕೆ ಬರಲಿಲ್ಲ. ಗೇಟಿನ ಹಲಗೆಯ ಮೇಲೆ ತೂಗುವ ಹಾಜರಿಯ ಹಿತ್ತಾಳೆ ಟೋಕನ್ನು, ಕೆಲಸ ಬಿಟ್ಟವರದಾದರೆ ಮರುದಿನವೇ ಇನ್ನೊಬ್ಬರ ಪಾಲಾಗುವುದನ್ನು ಕಂಡಿದ್ದೆ. ಮಗುವನ್ನು ಅಮ್ಮನ ಕೈಗೆ ಕೊಟ್ಟು ಕೆಲಸಕ್ಕೆ ಮರಳಿದ ಬೆಳಿಗ್ಗೆ, ಗೇಟಿನ ಹಲಗೆಯತ್ತ ಅಳುಕುತ್ತಲೇ ನೋಡಿದೆ. ನನ್ನ ನಂಬರಿನ ಟೋಕನ್ನು ಅದೇ ಮೊಳೆಯಲ್ಲಿ ತೂಗುತ್ತಿತ್ತು.

ಗುಮಾಸ್ತರು ತಲೆ ಎತ್ತದೆ, ಕೆಲಸಕ್ಕೆ ಮರಳಿ ಹಾಜರಾದೆನೆಂದು ಸಹಿ ಹಾಕಬೇಕಾದ ಕಾಗದವನ್ನು ನನ್ನತ್ತ ತಳ್ಳಿದರು. ಹಿಂದಿದ್ದ ಸಾಲು ಗೊಣಗಿತು. ಅವರು ಹೇಳುವ ಮೊದಲೇ ನಾನು ಓದತೊಡಗಿದ್ದೆ.